ಬಣ್ಣಕ್ಕಿಂತ ಮೊದಲು ಬಾಲ ನೋಡಿ

ಹಕ್ಕಿ ನೋಡುವ ಹವ್ಯಾಸ ಹಿಡಿದವರು ಮೊದಲ ವರ್ಷದಲ್ಲೇ ಪಿಕಳಾರ, ಸೂರಕ್ಕಿ, ಮಿಂಚುಳ್ಳಿ, ಕಾಜಾಣಗಳನ್ನೆಲ್ಲ ಸಲೀಸಾಗಿ ಗುರುತಿಸತೊಡಗುತ್ತಾರೆ. ಗಿಡುಗಗಳ ಪುಟ ಬಂದಾಗ ಮಾತ್ರ ಕೈಚೆಲ್ಲುತ್ತಾರೆ. ಅದಕ್ಕೆ ಕಾರಣವಿದೆ. ಪಿಕಳಾರ ಹತ್ತು ಮಾರು ದೂರದ ಬೇಲಿಯ ಮೇಲೆ ಕೂತು ಬೇಕಾದಷ್ಟು ಹೊತ್ತು ಮುಖ ತೋರಿಸುತ್ತದೆ. ಗಿಡುಗವಾದರೋ ಎತ್ತರದಲ್ಲಿ, ಬೆಳಕಿಗೆ ಅಡ್ಡವಾಗಿ, ಬರೀ ಕಪ್ಪು ಆಕೃತಿಯಾಗಿ ಹಾದುಹೋಗುತ್ತದೆ. ಪುಸ್ತಕ ತೆರೆದರೆ ಒಂದೇ ಪುಟದಲ್ಲಿ ಹತ್ತಾರು ಕಂದು ಹಕ್ಕಿಗಳು. ಗಂಡಿಗೊಂದು ಬಣ್ಣ, ಹೆಣ್ಣಿಗೊಂದು ಬಣ್ಣ, ಎಳೆಯ ಹಕ್ಕಿಗೆ ಮತ್ತೊಂದು. ಕೆಲವು ಜಾತಿಗಳಲ್ಲಂತೂ ಒಂದೇ ವಯಸ್ಸಿನ ಎರಡು ಹಕ್ಕಿಗಳ ಬಣ್ಣವೂ ತಾಳೆಯಾಗುವುದಿಲ್ಲ.

ಇಷ್ಟು ವರ್ಷ ಗಿಡುಗಗಳ ಹಿಂದೆ ತಿರುಗಿದ ಮೇಲೆ ಹೊಸಬರಿಗೆ ನಾನು ಒತ್ತಿ ಹೇಳುವುದು ಇಷ್ಟೇ: ಬಣ್ಣವನ್ನು ಕೊನೆಗಿಡಿ. ಮೊದಲು ಬಾಲದ ಆಕಾರ ನೋಡಿ, ಆಮೇಲೆ ರೆಕ್ಕೆಯ ಆಕಾರ, ಆಮೇಲೆ ಹಾರುವ ರೀತಿ. ಈ ಮೂರನ್ನು ಕಲಿಯಲು ಕಾಡಿಗೆ ಹೋಗಬೇಕಾಗಿಲ್ಲ. ಮನೆಯ ತಾರಸಿಯ ಮೇಲೆ ದಿನವೂ ಸುತ್ತುವ ಮಾಮೂಲಿ ಹದ್ದು ಸಾಕು.

ಹೆಸರುಗಳ ಬಗ್ಗೆ ಒಂದು ಸೂಚನೆ. ಹದ್ದು, ಗಿಡುಗ, ಡೇಗೆ, ಚಾಣ ಎಂಬ ಹೆಸರುಗಳು ಜಿಲ್ಲೆಯಿಂದ ಜಿಲ್ಲೆಗೆ ಬೇರೆ ಬೇರೆ ಹಕ್ಕಿಗೆ ಅಂಟಿಕೊಂಡಿವೆ. ಹಾಗಾಗಿ ಗೊಂದಲವಾಗುವ ಕಡೆ ಕ್ಷೇತ್ರ ಕೈಪಿಡಿಗಳಲ್ಲಿ ಸಿಗುವ ಹೆಸರನ್ನೇ ಇಲ್ಲಿ ಬಳಸಿದ್ದೇನೆ. ಬೇಟೆಯಾಡುವ ಹಗಲು ಹಕ್ಕಿಗಳನ್ನೆಲ್ಲ ಒಟ್ಟಾಗಿ ಹೇಳುವಾಗ ಗಿಡುಗಗಳು ಎಂದಿದ್ದೇನೆ.

ಹದ್ದೇ ಅಳತೆಗೋಲು

ನಮ್ಮ ಪಟ್ಟಣಗಳಲ್ಲಿ ಮಾಂಸದಂಗಡಿಗಳ ಸಾಲು, ಮೀನು ಮಾರುಕಟ್ಟೆ, ಕಸದ ರಾಶಿ ಎಲ್ಲಿದೆಯೋ ಅಲ್ಲೆಲ್ಲ ಕಂದು ಹದ್ದು ಇದ್ದೇ ಇರುತ್ತದೆ. ಪುಸ್ತಕಗಳಲ್ಲಿ ಇದರ ಹೆಸರು ಬ್ಲ್ಯಾಕ್ ಕೈಟ್. ಉದ್ದ ಸುಮಾರು 60 ಸೆಂಟಿಮೀಟರ್. ಒಂದು ತಿಂಗಳು ದಿನಕ್ಕೆ ಹತ್ತು ನಿಮಿಷ ಇದೊಂದನ್ನೇ ನೋಡಿ. ಬೇರೆ ಯಾವ ಹಕ್ಕಿಯ ಕಡೆಗೂ ಗಮನ ಕೊಡಬೇಡಿ.

ಬಾಲ ಮಡಿಸಿಕೊಂಡಾಗ ಅದರ ತುದಿ ಕವಲೊಡೆದಿರುವುದು ಎದ್ದು ಕಾಣುತ್ತದೆ. ಅದೇ ಬಾಲವನ್ನು ಪೂರ್ತಿ ಹರಡಿದಾಗ ಕವಲು ಮಾಯವಾಗಿ ಅಂಚು ಹೆಚ್ಚುಕಡಿಮೆ ನೇರವಾಗುತ್ತದೆ. ಹಳೆಯ ಗರಿ ಉದುರಿ ಹೊಸದು ಹುಟ್ಟುವ ಕಾಲದಲ್ಲಿ ಕವಲೇ ಇಲ್ಲವೆನಿಸುವುದೂ ಉಂಟು. ಗಾಳಿಯಲ್ಲಿ ದಿಕ್ಕು ಬದಲಿಸುವಾಗ ಹದ್ದು ಬಾಲವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚುತ್ತಲೇ ಇರುತ್ತದೆ. ಈ ತಿರುಚಾಟ ಬಹಳ ದೂರದಿಂದಲೂ ಕಾಣುವ ಗುರುತು. ತೇಲುವಾಗ ರೆಕ್ಕೆಗಳು ಸ್ವಲ್ಪ ಕೆಳಕ್ಕೆ ಬಾಗಿರುತ್ತವೆ. ರೆಕ್ಕೆ ಬಡಿತ ನಿಧಾನ, ಸಡಿಲ. ಮೇಲ್ಮೈಯಲ್ಲಿ ರೆಕ್ಕೆಗೆ ಅಡ್ಡಲಾಗಿ ಮಸುಕಾದೊಂದು ಪಟ್ಟಿ. ಎಳೆಯದರ ಮೈಮೇಲೆ ತಿಳಿಬಣ್ಣದ ಗೆರೆಗಳು. ಚಳಿಗಾಲದಲ್ಲಿ ಉತ್ತರದಿಂದ ಬರುವ ಇದರದೇ ಉಪಜಾತಿಯ ಹದ್ದುಗಳು ಕೊಂಚ ದೊಡ್ಡವು. ಅವುಗಳ ರೆಕ್ಕೆಯ ಅಡಿಯಲ್ಲಿ, ತುದಿಗರಿಗಳ ಬುಡಕ್ಕೆ, ಬಿಳಿಚಾದ ದೊಡ್ಡ ಮಚ್ಚೆ ಇರುತ್ತದೆ.

ಇಷ್ಟು ಮನಸ್ಸಿಗೆ ಹತ್ತಿದ ಮೇಲೆ ಬೇರೆ ಗಿಡುಗ ಕಂಡಾಗ ನೀವು ಕೇಳಿಕೊಳ್ಳುವ ಪ್ರಶ್ನೆಯೇ ಬದಲಾಗುತ್ತದೆ. 'ಇದು ಯಾವುದು' ಎಂದು ಕೇಳುವ ಬದಲು 'ಇದು ಹದ್ದಿಗಿಂತ ಹೇಗೆ ಬೇರೆ' ಎಂದು ಕೇಳುತ್ತೀರಿ. ರೆಕ್ಕೆ ಹದ್ದಿನದಕ್ಕಿಂತ ಅಗಲವೇ, ಬಾಲ ಗಿಡ್ಡವೇ, ತಲೆ ಮುಂದಕ್ಕೆ ಚಾಚಿದೆಯೇ, ಬಡಿತ ಚುರುಕೇ? ಮೊದಲ ಪ್ರಶ್ನೆಗೆ ಉತ್ತರ ಸಿಗದಿರಬಹುದು, ಎರಡನೆಯದಕ್ಕೆ ಏನಾದರೂ ಉತ್ತರ ಸಿಕ್ಕೇ ಸಿಗುತ್ತದೆ.

ಖಾಲಿ ಆಕಾಶದಲ್ಲಿ ಗಾತ್ರದ ಅಂದಾಜು ಮಾತ್ರ ಯಾರಿಗೂ ಸುಲಭವಲ್ಲ. ಪಕ್ಕದಲ್ಲಿ ಗೊತ್ತಿರುವ ಹಕ್ಕಿಯೊಂದು ಇದ್ದರೆ ಮಾತ್ರ ಅಂದಾಜನ್ನು ನಂಬಬಹುದು. ಸಾಲಿಂ ಅಲಿ ಅವರು 1941ರ ತಮ್ಮ ಕೈಪಿಡಿಯಲ್ಲಿ ಗಾತ್ರ ಹೇಳಲು ಗುಬ್ಬಿ, ಕಾಗೆ, ಹದ್ದುಗಳನ್ನೇ ಅಳತೆಯಾಗಿ ಇಟ್ಟುಕೊಂಡದ್ದು ಇದಕ್ಕೇ. ಊರಕಾಗೆ ಸುಮಾರು 40 ಸೆಂಟಿಮೀಟರ್. ಅದೃಷ್ಟಕ್ಕೆ ಗಿಡುಗ ಕಂಡಲ್ಲೆಲ್ಲ ಕಾಗೆಗಳು ಅಟ್ಟಿಸಿಕೊಂಡು ಬರುತ್ತವೆ. ಆಗ ಮುಂದಿರುವುದು ಕಾಗೆಗಿಂತ ದೊಡ್ಡದೋ ಚಿಕ್ಕದೋ ಎಂದು ನೋಡಿ ಬರೆದುಕೊಳ್ಳಿ. ಗಿಡುಗಗಳಲ್ಲಿ ಗಂಡಿಗಿಂತ ಹೆಣ್ಣು ದೊಡ್ಡದು ಎಂಬುದೂ ನೆನಪಿರಲಿ. ಒಂದೇ ಜಾತಿಯ ಜೋಡಿ ಎರಡು ಬೇರೆ ಹಕ್ಕಿಗಳಂತೆ ಕಂಡರೆ ಆಶ್ಚರ್ಯಪಡಬೇಕಿಲ್ಲ.

ಕರಾವಳಿಯವರಿಗೆ ಇನ್ನೊಂದು ಅನುಕೂಲವಿದೆ. ಮಂಗಳೂರಿನ ದಕ್ಕೆಯಲ್ಲೋ ಮಲ್ಪೆ ಬಂದರಿನಲ್ಲೋ ಅರ್ಧ ಗಂಟೆ ನಿಂತರೆ ಕಂದು ಹದ್ದು ಮತ್ತು ಗರುಡ ಒಟ್ಟಿಗೇ ಸಿಗುತ್ತವೆ. ಬೆಳೆದ ಗರುಡವನ್ನು, ಎಂದರೆ ಬ್ರಾಹ್ಮಿಣಿ ಕೈಟನ್ನು, ಯಾರೂ ತಪ್ಪಾಗಿ ಗುರುತಿಸಲಾರರು. ಬಿಳಿ ತಲೆ, ಬಿಳಿ ಎದೆ, ಮಿಕ್ಕ ಮೈಯೆಲ್ಲ ಕಾವಿ ಕೆಂಪು. ದಾರಿಯಲ್ಲಿ ಕಂಡರೆ ಕೈಮುಗಿಯುವ ಹಿರಿಯರಿಗೂ ಅದು ಗೊತ್ತು. ಕಷ್ಟ ಇರುವುದು ಅದರ ಎಳೆಯದರಲ್ಲಿ. ಅದು ಕಂದು ಬಣ್ಣದ್ದು, ಮೇಲ್ನೋಟಕ್ಕೆ ಹದ್ದೇ. ಆದರೆ ಗರುಡನ ಬಾಲದ ತುದಿ ಯಾವ ವಯಸ್ಸಿನಲ್ಲೂ ದುಂಡಗೆ. ಬಾಲವನ್ನು ಮೊದಲು ನೋಡುವ ಅಭ್ಯಾಸ ಮಾಡಿಕೊಂಡವರಿಗೆ ಈ ಎರಡನ್ನು ಬೇರೆ ಮಾಡಲು ಒಂದು ಕ್ಷಣ ಸಾಕು; ಬಣ್ಣ ನೋಡುವವರು ದಿನವಿಡೀ ತಡಕಾಡಬೇಕು.

ಆಕೃತಿಯಿಂದ ಗುಂಪಿಗೆ

ಹದ್ದನ್ನು ಪಕ್ಕಕ್ಕಿಟ್ಟರೆ ನಮ್ಮ ಆಕಾಶದ ಗಿಡುಗಗಳನ್ನು ಆಕಾರದಿಂದಲೇ ಕೆಲವು ಗುಂಪು ಮಾಡಬಹುದು. ಹಕ್ಕಿಯ ಹೆಸರು ಹೇಳುವ ಆತುರಕ್ಕಿಂತ ಗುಂಪನ್ನು ಸರಿಯಾಗಿ ಹಿಡಿಯುವುದು ಮುಖ್ಯ.

ಚಾಣಗಳ ರೆಕ್ಕೆ ಉದ್ದ, ತುದಿ ಚೂಪು, ಕುಡುಗೋಲಿನಂತೆ ಹಿಂದಕ್ಕೆ ಬಾಗಿದ್ದು. ಬಡಿತ ಬಿರುಸು. ಪೆರಿಗ್ರಿನ್, ಅದರ ನಮ್ಮದೇ ನೆಲದ ರೂಪವಾದ ಶಾಹೀನ್, ಕೆಸ್ಟ್ರೆಲ್, ತಾಳೆಮರಗಳ ಬಯಲನ್ನು ಮೆಚ್ಚುವ ಕೆಂಪು ಕತ್ತಿನ ಚಾಣ ಎಲ್ಲವೂ ಈ ಗುಂಪಿನವು. ವಂಶವಾಹಿ ಅಧ್ಯಯನಗಳ ಪ್ರಕಾರ ಚಾಣಗಳು ಮಿಕ್ಕ ಗಿಡುಗಗಳಿಗಿಂತ ಗಿಳಿಗಳಿಗೆ ಹತ್ತಿರದ ನೆಂಟರು. ಕೊಕ್ಕು, ಉಗುರು ಒಂದೇ ಬಗೆಯದಾದರೂ ಎರಡೂ ಬೇರೆ ಬೇರೆ ವಂಶಗಳು.

ಶಿಕ್ರಾದಂಥ ಗಿಡುಗಗಳ ರೆಕ್ಕೆ ಗಿಡ್ಡ, ದುಂಡಗೆ; ಬಾಲ ಉದ್ದ. ಮರಗಳ ನಡುವೆ ತಿರುಗಿ ನುಗ್ಗಲು ಆದ ಮೈಕಟ್ಟು ಇದು. ನಾಲ್ಕಾರು ಬಾರಿ ಚಟಪಟ ರೆಕ್ಕೆ ಬಡಿದು, ಸ್ವಲ್ಪ ತೇಲಿ, ಮತ್ತೆ ಬಡಿಯುತ್ತವೆ.

ದೊಡ್ಡ ಗರುಡಗಳ, ಎಂದರೆ ಈಗಲ್‌ಗಳ, ರೆಕ್ಕೆ ಅಗಲ. ತುದಿಯ ಗರಿಗಳು ಬೆರಳುಗಳಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಸುತ್ತುತ್ತ ಸುತ್ತುತ್ತ ರೆಕ್ಕೆಯನ್ನೇ ಬಡಿಯದೆ ಮೇಲೇರುತ್ತವೆ. ಹ್ಯಾರಿಯರ್‌ಗಳದು ಉದ್ದ, ಸಪೂರ ರೆಕ್ಕೆ ಮತ್ತು ಉದ್ದ ಬಾಲ. ಹುಲ್ಲಿನ ಮೇಲೆ ಆಳೆತ್ತರದಲ್ಲಿ, ರೆಕ್ಕೆಗಳನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಎತ್ತಿ ಹಿಡಿದು, ಅತ್ತಿತ್ತ ವಾಲುತ್ತ ಹಾರುತ್ತವೆ. ರಣಹದ್ದುಗಳು ಬಹಳ ದೊಡ್ಡವು, ಬಾಲ ಗಿಡ್ಡ, ತಲೆ ಸಣ್ಣದು. ಅವುಗಳನ್ನು ನೋಡಬೇಕೆಂದರೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕು. ಉದ್ದ ಕೊಕ್ಕಿನ ರಣಹದ್ದುಗಳಿಗಾಗಿಯೇ 2012ರಲ್ಲಿ ಅದನ್ನು ಅಭಯಧಾಮವೆಂದು ಘೋಷಿಸಲಾಯಿತು. ಅದೇ ಬಂಡೆಗಳ ಸುತ್ತ ಬೊನೆಲಿ ಈಗಲ್, ಬಿಳಿ ಮೈಗೆ ಕಪ್ಪು ಗರಿಯ ಈಜಿಪ್ಷಿಯನ್ ರಣಹದ್ದುಗಳೂ ಕಾಣಸಿಗುತ್ತವೆ.

ಶಿಕ್ರಾ: ತೋಟದ ಗಿಡುಗ

ಹದ್ದಿನ ಪಾಠ ಮುಗಿದ ಮೇಲೆ ಎರಡನೆಯ ಪಾಠ ಶಿಕ್ರಾದ್ದೇ ಆಗಲಿ. ಬೆಂಗಳೂರಿನ ಲಾಲ್‌ಬಾಗಿನಿಂದ ಹಿಡಿದು ಬಯಲುಸೀಮೆಯ ಹೊಲದಂಚಿನ ಬೇವಿನ ಮರದವರೆಗೆ ಎಲ್ಲ ಕಡೆ ಇದೆ. ಗಾತ್ರದಲ್ಲಿ ಹೆಚ್ಚುಕಡಿಮೆ ಪಾರಿವಾಳ. ಆದರೆ ಇದು ಎಲೆಗಳ ಮರೆಯಲ್ಲಿ ಕೂರುವ ಹಕ್ಕಿ. ಕಾಣಬೇಕಾದರೆ ಕಿವಿಯನ್ನು ಬಳಸಬೇಕು. ಅಳಿಲು ಒಂದೇ ಸಮನೆ ಚಿಲಿಚಿಲಿ ಎನ್ನುತ್ತ ಬಾಲ ಕುಣಿಸುತ್ತಿದ್ದರೆ, ಮೈನಾಗಳು ಕರ್ಕಶವಾಗಿ ಕೂಗಿದರೆ, ಹರಟೆಮಲ್ಲಗಳು ಒಂದೇ ಪೊದೆಯ ಸುತ್ತ ಗದ್ದಲವೆಬ್ಬಿಸಿದರೆ ಆ ಮರವನ್ನು ಕೊಂಬೆ ಕೊಂಬೆಯಾಗಿ ಹುಡುಕಿ. ಶಿಕ್ರಾದ ಕೂಗು ಎರಡು ಸ್ವರದ ಚುರುಕು ದನಿ, ಕರಿ ಕಾಜಾಣದ ಕೂಗಿಗೆ ಬಹಳ ಹತ್ತಿರ. ಕಾಜಾಣವೂ ಶಿಕ್ರಾದ ದನಿಯನ್ನು ಅನುಕರಿಸುವುದರಿಂದ ದನಿಯೊಂದನ್ನೇ ನಂಬಿ ಪಟ್ಟಿಗೆ ಸೇರಿಸಬೇಡಿ.

ಕೂತ ಹಕ್ಕಿ ಸಿಕ್ಕಿತೆನ್ನಿ. ಮೊದಲು ರೆಕ್ಕೆಯ ತುದಿ ಬಾಲದ ಎಲ್ಲಿಯವರೆಗೆ ಬರುತ್ತದೆ ನೋಡಿ. ಶಿಕ್ರಾದಲ್ಲಿ ಅದು ಬಾಲದ ನಡುವಿನವರೆಗೆ ಬಂದರೆ ಹೆಚ್ಚು. ಹದ್ದಿನಲ್ಲಿ ಹೆಚ್ಚುಕಡಿಮೆ ಬಾಲದ ತುದಿಯವರೆಗೂ ಬರುತ್ತದೆ. ಆಮೇಲೆ ಎದೆ. ಬೆಳೆದ ಹಕ್ಕಿಯ ಎದೆಯ ಮೇಲೆ ಅಡ್ಡ ಗೆರೆಗಳು, ಎಳೆಯದರ ಎದೆಯ ಮೇಲೆ ಉದ್ದುದ್ದ ಕಂದು ಗೆರೆ, ಹನಿಗಳು. ಅಡ್ಡ ಗೆರೆಯೋ ಉದ್ದ ಗೆರೆಯೋ ಎಂಬುದನ್ನು ಕಂಡ ಕೂಡಲೇ ಬರೆದುಕೊಳ್ಳಬೇಕು. ಮನೆಗೆ ಬಂದು ಪುಸ್ತಕ ತೆರೆದ ಮೇಲೆ ಮನಸ್ಸು ಪುಸ್ತಕದ ಚಿತ್ರವನ್ನೇ ನೆನಪೆಂದು ಹೇಳಿಬಿಡುತ್ತದೆ. ಇನ್ನು ಕಣ್ಣು. ಗಂಡಿನದು ಕೆಂಪು, ಬೆನ್ನು ನೀಲಿಬೂದು. ಹೆಣ್ಣಿನ ಬೆನ್ನು ಕಂದುಬೂದು, ಕಣ್ಣು ಹಳದಿ ಅಥವಾ ಕಿತ್ತಳೆ. ಗಂಟಲ ನಡುವೆ ಒಂದು ಉದ್ದ ಗೆರೆ ಇದೆ. ಶಿಕ್ರಾದಲ್ಲಿ ಅದು ಮಸುಕು. ಗೆರೆ ದಟ್ಟ ಕಪ್ಪಾಗಿದ್ದು, ನೀವಿರುವುದು ಪಶ್ಚಿಮ ಘಟ್ಟದ ದಟ್ಟ ಕಾಡಾದರೆ ಬೆಸ್ರಾ ಎಂಬ ಗಿಡುಗವನ್ನು ಯೋಚಿಸಿ. ಅದರ ಬೆನ್ನೂ ಹೆಚ್ಚು ಗಾಢ, ರೆಕ್ಕೆಯ ಅಡಿಯಲ್ಲಿ ಪಟ್ಟಿಗಳೂ ಹೆಚ್ಚು. ಅದೇ ಕಾಡಿನಲ್ಲಿ ಕಾಗೆಯಷ್ಟು ದೊಡ್ಡದಾಗಿ, ತಲೆಯ ಹಿಂದೆ ಗಿಡ್ಡ ಜುಟ್ಟಿನೊಂದಿಗೆ ಕಂಡರೆ ಅದು ಕ್ರೆಸ್ಟೆಡ್ ಗೋಶಾಕ್. ಹಾರುವಾಗ ಬಾಲದ ಬುಡದ ಎರಡೂ ಕಡೆ ಬಿಳಿ ಪುಕ್ಕ ಉಬ್ಬಿಕೊಂಡಿರುವುದು ಅದರ ಒಳ್ಳೆಯ ಗುರುತು. ಚಳಿಗಾಲಕ್ಕೆ ಬರುವ ಯುರೇಷಿಯನ್ ಸ್ಪ್ಯಾರೋಹಾಕ್ ಮತ್ತು ಶಿಕ್ರಾಗಳ ನಡುವೆ ಗೊಂದಲವಾದಾಗ ಚಿತ್ರದಲ್ಲಿ ರೆಕ್ಕೆಯ ಬೆರಳು ಎಣಿಸಿ. ಶಿಕ್ರಾಕ್ಕೆ ಐದು, ಸ್ಪ್ಯಾರೋಹಾಕ್‌ಗೆ ಆರು.

ಶಿಕ್ರಾವನ್ನು ಕಲಿಯುವವರನ್ನು ಹೆಚ್ಚು ದಾರಿ ತಪ್ಪಿಸುವುದು ಗಿಡುಗವೇ ಅಲ್ಲದ ಒಂದು ಹಕ್ಕಿ. ಬೇಸಿಗೆಯಿಂದ ಮಳೆಗಾಲದವರೆಗೆ ಏರುತ್ತ ಏರುತ್ತ ಕೂಗುವ ಚಾಣ ಕೋಗಿಲೆ, ಇಂಗ್ಲಿಷಿನವರ ಬ್ರೈನ್‌ಫೀವರ್ ಹಕ್ಕಿ, ಮೈಬಣ್ಣದಲ್ಲೂ ಹಾರಾಟದಲ್ಲೂ ಶಿಕ್ರಾವನ್ನು ಹೋಲುತ್ತದೆ. ಸಣ್ಣ ಹಕ್ಕಿಗಳು ಅದನ್ನು ಕಂಡೂ ಬೆದರಿ ಕೂಗುತ್ತವೆ. ಪರಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಆ ಹೋಲಿಕೆಯಿಂದ ಲಾಭವಿದೆ. ನಮಗೆ ಬಿಡಿಸಿಕೊಡುವುದು ಕೊಕ್ಕು. ಶಿಕ್ರಾದ ಕೊಕ್ಕು ಗಿಡ್ಡ, ಬುಡದಲ್ಲೇ ಬಾಗಿ ಕೊಕ್ಕೆಯಾಗಿರುತ್ತದೆ. ಕೋಗಿಲೆಯದು ಸಪೂರ, ಸ್ವಲ್ಪವೇ ಬಾಗಿದ್ದು, ಕಣ್ಣ ಸುತ್ತ ಹಳದಿ ಉಂಗುರ ಬೇರೆ. ಶಿಕ್ರಾ ನೆಟ್ಟಗೆ ಕೂರುತ್ತದೆ, ಕೋಗಿಲೆ ರೆಕ್ಕೆ ಇಳಿಬಿಟ್ಟು ಮುಂದಕ್ಕೆ ಬಾಗಿ ಕೂರುತ್ತದೆ. ಕಾಲುಗಳನ್ನು ನೋಡಿದರಂತೂ ಸಂಶಯವೇ ಉಳಿಯದು. ಒಂದು ಹಿಡಿಯಲು ಆದ ಕಾಲು, ಇನ್ನೊಂದು ಬರೀ ಕೂರಲು.

ಈ ನೆಲದ ಜನ ಗಿಡುಗಗಳನ್ನು ಇಷ್ಟು ಸೂಕ್ಷ್ಮವಾಗಿ ನೋಡುವುದು ಹೊಸತೇನಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಗಿಡುಗ ಬಿಟ್ಟು ಬೇಟೆಯಾಡುವ ಶ್ಯೇನವಿನೋದಕ್ಕೇ ಒಂದು ಭಾಗವಿದೆ. ಪಳಗಿಸಲು ಸುಲಭವೆಂದು ಶಿಕ್ರಾ ಬೇಟೆಗಾರರ ಮೆಚ್ಚಿನ ಹಕ್ಕಿಯಾಗಿತ್ತು. ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಿಡುಗಗಳನ್ನು ಹಿಡಿಯುವುದು, ಸಾಕುವುದು ಅಪರಾಧ.

ನಿಂತಲ್ಲೇ ಹಾರುವವು

ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತ ನೆಲವನ್ನು ನೋಡುತ್ತಿರುವ ಗಿಡುಗ ಕಂಡರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ನಮ್ಮಲ್ಲಿ ಹಾಗೆ ಮಾಡುವವು ಬೆರಳೆಣಿಕೆಯಷ್ಟು. ಕಾಗೆಗಿಂತ ಚಿಕ್ಕದಾಗಿ ಬೆಳ್ಳಗಿದ್ದು, ಹೆಗಲ ಮೇಲೆ ಕಪ್ಪು ಮಚ್ಚೆಯಿದ್ದರೆ ಕಪ್ಪು ರೆಕ್ಕೆಯ ಹದ್ದು. ಹೊಲಗಳ ವಿದ್ಯುತ್ ತಂತಿಯ ಮೇಲೆ ಕೂರುವ, ಇಲಿ ಹಿಡಿದು ರೈತನಿಗೆ ಉಪಕಾರ ಮಾಡುವ ಈ ಹಕ್ಕಿಯ ಕಣ್ಣು ಕಡು ಕೆಂಪು. ಕೂತಾಗ ರೆಕ್ಕೆಯ ತುದಿ ಬಾಲವನ್ನೂ ದಾಟಿರುತ್ತದೆ. ಬೆನ್ನು ಇಟ್ಟಿಗೆ ಕೆಂಪಾಗಿದ್ದು, ಹರಡಿದ ಬಾಲದ ತುದಿಯಲ್ಲಿ ಅಗಲ ಕಪ್ಪು ಪಟ್ಟಿಯಿದ್ದರೆ ಕೆಸ್ಟ್ರೆಲ್. ಇದು ಹೆಚ್ಚಾಗಿ ಚಳಿಗಾಲದ ಅತಿಥಿ. ಹದ್ದಿಗಿಂತಲೂ ದೊಡ್ಡ ಹಕ್ಕಿ ಹೀಗೆ ನಿಂತಲ್ಲೇ ಹಾರುತ್ತಿದ್ದು, ಕೆಳಗಿನ ಮೈಯೆಲ್ಲ ಬಿಳಿಚಾಗಿ, ತಲೆ ಗೂಬೆಯಷ್ಟು ದಪ್ಪಗಿದ್ದರೆ ಶಾರ್ಟ್-ಟೋಡ್ ಸ್ನೇಕ್ ಈಗಲ್. ಉತ್ತರ ಕರ್ನಾಟಕದ ಒಣ ಬಯಲುಗಳಲ್ಲಿ ಹಾವು ಹುಡುಕುತ್ತ ಹೀಗೆ ನಿಂತಿರುತ್ತದೆ. ನೀರಿನ ಮೇಲಾದರೆ ಆಸ್ಪ್ರೇ ಇರಬಹುದು. ಕಬಿನಿಯ ಹಿನ್ನೀರಿನಲ್ಲಿ, ಜಲಾಶಯಗಳಲ್ಲಿ ಚಳಿಗಾಲದಲ್ಲಿ ಕಾಣುವ ಇದರ ಕೆಳಮೈ ಬಿಳಿ, ಕಣ್ಣಿನಿಂದ ಹಿಂದಕ್ಕೆ ದಟ್ಟ ಪಟ್ಟಿ. ಚಿಕ್ಕದಾಗಿ ಕಪ್ಪು-ಬಿಳುಪಾಗಿ ಕಂಡರೆ ಮಾತ್ರ ಅದು ಗಿಡುಗವಲ್ಲ, ಕಪ್ಪು-ಬಿಳಿ ಮಿಂಚುಳ್ಳಿ.

ಕಾಡಿನ ಮೇಲೆ ಹತ್ತು ಗಂಟೆಯ ಹೊತ್ತಿಗೆ

ಬೇರೆ ಹಕ್ಕಿಗಳಿಗಾಗಿ ಸೂರ್ಯ ಹುಟ್ಟುವ ಮೊದಲೇ ಏಳಬೇಕು. ದೊಡ್ಡ ಗಿಡುಗಗಳಿಗೆ ನೆಲ ಕಾಯಬೇಕು. ಬಿಸಿಲೇರಿ ಬೆಚ್ಚಗಿನ ಗಾಳಿ ಮೇಲೇಳತೊಡಗಿದ ಮೇಲೆ, ಸುಮಾರು ಒಂಬತ್ತೂವರೆಯಿಂದ ಮಧ್ಯಾಹ್ನದವರೆಗೆ, ಅವು ಆ ಗಾಳಿ ಹಿಡಿದು ಮೇಲೇರುತ್ತವೆ. ಉಳಿದ ಹಕ್ಕಿ ವೀಕ್ಷಕರು ತಿಂಡಿಗೆ ವಾಪಸಾಗುವ ಹೊತ್ತಿಗೆ ನೀವು ಬಯಲಿಗೋ ಗುಡ್ಡದ ನೆತ್ತಿಗೋ ಹೋಗಿ ನಿಲ್ಲಿ. ಕಣಿವೆ ಕಾಣುವ ಜಾಗವಾದರೆ ಇನ್ನೂ ಒಳ್ಳೆಯದು. ಹಕ್ಕಿಯನ್ನು ಕೆಳಗಿನಿಂದ ನೋಡುವ ಬದಲು ಸಮಕ್ಕೆ, ಕೆಲವೊಮ್ಮೆ ಮೇಲಿನಿಂದಲೂ ನೋಡಲು ಸಿಗುತ್ತದೆ. ಆಗುಂಬೆ, ಚಾರ್ಮಾಡಿ, ಬಿಸಿಲೆ ಘಾಟಿಗಳ ತಿರುವುಗಳು ಇದಕ್ಕೆ ಹೇಳಿ ಮಾಡಿಸಿದ ಜಾಗಗಳು.

ನಾಗರಹೊಳೆ, ಬಂಡೀಪುರಗಳ ದಾರಿಯಲ್ಲಿ ಹೆಚ್ಚಾಗಿ ಸಿಗುವುದು ಜುಟ್ಟಿನ ಹಾವುಗಿಡುಗ, ಎಂದರೆ ಕ್ರೆಸ್ಟೆಡ್ ಸರ್ಪೆಂಟ್ ಈಗಲ್. ಮೇಲೇರುವಾಗ ಸುಮ್ಮನಿರದೆ ಎಳೆದೆಳೆದು ಸಿಳ್ಳೆ ಹಾಕುವುದರಿಂದ ಕಾಣುವ ಮೊದಲೇ ಕೇಳಿಸುತ್ತದೆ. ರೆಕ್ಕೆಯ ಅಡಿಯಲ್ಲಿ, ಹಿಂಬದಿಯ ಅಂಚಿಗೆ ಸಮನಾಗಿ, ಅಗಲವಾದ ಬಿಳಿ ಪಟ್ಟಿ. ಬಾಲದಲ್ಲೂ ಅಂಥದೇ ಒಂದು. ಈ ಪಟ್ಟಿಗಳು ಬರಿಗಣ್ಣಿಗೇ ಕಾಣುತ್ತವೆ. ಕೂತಾಗ ಮುಖದ ಹಳದಿ ಚರ್ಮ, ಪುಕ್ಕವಿಲ್ಲದ ಹಳದಿ ಕಾಲು. ಅದೇ ಕಾಡಿನ ಇನ್ನೊಂದು ಹಕ್ಕಿಯಾದ ಕ್ರೆಸ್ಟೆಡ್ ಹಾಕ್-ಈಗಲ್‌ಗೆ ನೆತ್ತಿಯ ಮೇಲೆ ಉದ್ದ ಜುಟ್ಟು ನೆಟ್ಟಗೆ ನಿಂತಿರುತ್ತದೆ, ಎದೆಯ ಮೇಲೆ ಉದ್ದ ಗೆರೆಗಳಿರುತ್ತವೆ, ಕಾಲು ಬೆರಳಿನವರೆಗೂ ಪುಕ್ಕದಿಂದ ಮುಚ್ಚಿರುತ್ತದೆ. ಸಫಾರಿ ಜೀಪು ನಿಂತ ಅರ್ಧ ನಿಮಿಷದಲ್ಲಿ ನೋಡಬೇಕಾದದ್ದು ಕಾಲು. ಎಲ್ಲರೂ ಮುಖದ ಚಿತ್ರ ತೆಗೆಯುತ್ತಾರೆ, ಕಾಲು ಕೊಂಬೆಯ ಹಿಂದೆ ಉಳಿದುಬಿಡುತ್ತದೆ.

ಘಟ್ಟದ ಕಾಡಿನ ಮರಗಳ ತುದಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಬಡಿಯದೆ, ಬಹಳ ನಿಧಾನಕ್ಕೆ ತೇಲುವ ಕಪ್ಪು ಹಕ್ಕಿಯನ್ನು ಕಂಡರೆ ಅದು ಬ್ಲ್ಯಾಕ್ ಈಗಲ್. ಮೈ ಪೂರ್ತಿ ಕಪ್ಪು, ಕೊಕ್ಕಿನ ಬುಡ ಮತ್ತು ಕಾಲು ಹಳದಿ. ರೆಕ್ಕೆ ಮೈಗೆ ಸೇರುವಲ್ಲಿ ಕಿರಿದಾಗಿ ಹೊರಕ್ಕೆ ಅಗಲವಾಗುತ್ತದೆ. ಇಷ್ಟು ನಿಧಾನವಾಗಿ ಹಾರುವುದು ಮರದ ಮೇಲಿನ ಗೂಡುಗಳನ್ನು ಹುಡುಕಲು. ಮೊಟ್ಟೆ, ಮರಿಗಳು ಅದರ ಮುಖ್ಯ ಆಹಾರ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಜೇನುಗಿಡುಗ, ಓರಿಯೆಂಟಲ್ ಹನಿ ಬಜಾರ್ಡ್. ಬೆಂಗಳೂರಿನ ಉದ್ಯಾನಗಳಲ್ಲೂ ಇದೆ. ಒಂದು ಬಿಳಿಚು, ಒಂದು ಕೆಂಗಂದು, ಒಂದು ಕಡುಗಪ್ಪು. ಒಂದು ಗೆರೆಗಳದ್ದು, ಒಂದು ಪಟ್ಟಿಗಳದ್ದು. ಬಣ್ಣ ನೋಡಿ ಹೋದವರಿಗೆ ಇದು ಪ್ರತಿ ಸಲವೂ ಹೊಸ ಹಕ್ಕಿಯಾಗಿ ಕಾಣುತ್ತದೆ. ಆದರೆ ತಲೆ ಎಂದೂ ಬದಲಾಗದು. ಉದ್ದನೆಯ ಕತ್ತಿನ ಮೇಲೆ ಚಿಕ್ಕ ತಲೆ, ಪಾರಿವಾಳದ್ದೇ ಮಾಟ. ಬೇರೆ ಗಿಡುಗಗಳಿಗೆ ಕಣ್ಣಿನ ಮೇಲೆ ಹುಬ್ಬಿನಂತೆ ಚಾಚಿದ ಮೂಳೆಯಿಂದಾಗಿ ಕೋಪದ ಮುಖ ಬಂದಿರುತ್ತದೆ. ಜೇನುಗಿಡುಗಕ್ಕೆ ಅದಿಲ್ಲ, ಹುಳು ಕಚ್ಚದಂತೆ ಮುಖದ ತುಂಬ ಒತ್ತೊತ್ತಾದ ಗಟ್ಟಿ ಪುಕ್ಕಗಳಿವೆ. ಹಾಗಾಗಿ ಮುಖ ಸೌಮ್ಯ. ತೇಲುವಾಗ ರೆಕ್ಕೆಗಳು ಸಮತಟ್ಟು. ಬಾಲ ಉದ್ದ, ಅದರ ಮೇಲೆ ಅಗಲ ಪಟ್ಟಿಗಳು. ಹತ್ತಿರ ಸಿಕ್ಕರೆ ಕಣ್ಣು ನೋಡಿ: ಬೆಳೆದ ಗಂಡಿನದು ಗಾಢ ಕಂದು, ಹೆಣ್ಣಿನದು ಹಳದಿ. ಹೆಜ್ಜೇನಿನ ತಟ್ಟಿ ಇರುವ ಮರದ ಬಳಿ ಕಾದರೆ ಅದು ತಟ್ಟಿ ಕಿತ್ತು ಹುಳುಗಳನ್ನು ತಿನ್ನುವುದನ್ನೂ ನೋಡಬಹುದು.

ಹುಲ್ಲುಗಾವಲಿನ ಚಳಿಗಾಲ

ಅಕ್ಟೋಬರ್ ಹೊತ್ತಿಗೆ ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಹ್ಯಾರಿಯರ್‌ಗಳು ಬರತೊಡಗುತ್ತವೆ, ಮಾರ್ಚ್ ವೇಳೆಗೆ ಹೊರಟುಬಿಡುತ್ತವೆ. ಬೆಂಗಳೂರಿನ ಪಕ್ಕದ ಹೆಸರಘಟ್ಟ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಉತ್ತರದ ಕರಿಮಣ್ಣಿನ ಬಯಲು ಅವುಗಳ ನೆಲೆ. ಬಂಜರು ಎಂದು ಕಾಗದಪತ್ರಗಳಲ್ಲಿ ಬರೆಯುವ ನೆಲವೇ ಈ ಹಕ್ಕಿಗಳ ಮನೆ. ಹಗಲು ಮಿಡತೆ, ಇಲಿ ಹಿಡಿದು, ಸಂಜೆ ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಹುಲ್ಲಿಗೆ ಬೆಂಕಿ ಬಿದ್ದರೆ, ಸಾಲಾಗಿ ನೀಲಗಿರಿ ನೆಟ್ಟರೆ, ನಿವೇಶನ ಮಾಡಿದರೆ ಅವಕ್ಕೆ ಇಳಿಯಲು ಜಾಗವೇ ಇರುವುದಿಲ್ಲ. ಹಕ್ಕಿಯ ಹೆಸರು ಕಲಿತವರು ಅದು ಇಳಿಯುವ ಹುಲ್ಲಿನ ಪರವಾಗಿಯೂ ಮಾತಾಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಗಂಡುಗಳನ್ನು ಗುರುತಿಸುವುದು ಸುಲಭ. ತೀರ ಬಿಳಿಚಾಗಿ, ರೆಕ್ಕೆಯ ತುದಿಯಲ್ಲಿ ಕಿರಿದಾದ ಕಪ್ಪು ತ್ರಿಕೋನ ಇದ್ದರೆ ಪ್ಯಾಲಿಡ್. ಹೆಚ್ಚು ಬೂದು, ತುದಿ ಪೂರ್ತಿ ಕಪ್ಪು, ರೆಕ್ಕೆಯ ಮೇಲೆ ಅಡ್ಡಲಾಗಿ ಒಂದು ಕಪ್ಪು ಗೆರೆ ಇದ್ದರೆ ಮಾಂಟೆಗು. ಎರಡರ ಹೆಣ್ಣುಗಳೂ ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ. ಕತ್ತಿನ ಸುತ್ತ ಬಿಳಿಚು ಪಟ್ಟಿ, ಅದರ ಹಿಂದೆ ಗಾಢ ಕಂದು ಸ್ಪಷ್ಟವಾಗಿ ಕಂಡರೆ ಪ್ಯಾಲಿಡ್ ಎನ್ನಬಹುದು. ಕಾಣದಿದ್ದರೆ 'ಹ್ಯಾರಿಯರ್, ಹೆಣ್ಣು ಅಥವಾ ಎಳೆಯದು' ಎಂದು ಬರೆದು ನಿಲ್ಲಿಸಿ. ಕೆರೆಯ ಜೊಂಡಿನ ಮೇಲೆ ಹಾರುವ, ಕಡು ಕಂದು ಮೈಗೆ ಕೆನೆಬಣ್ಣದ ನೆತ್ತಿ ಇರುವ ದಪ್ಪ ಹ್ಯಾರಿಯರ್ ಮಾರ್ಷ್ ಹ್ಯಾರಿಯರ್‌ನ ಹೆಣ್ಣು. ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಬಾತುಗಳೆಲ್ಲ ಒಮ್ಮೆಲೇ ಎದ್ದವೆಂದರೆ ಇದು ಬಂದಿದೆಯೇ ಎಂದು ನೋಡಬಹುದು.

ಅದೇ ಬಯಲಿನಲ್ಲಿ ಕಂಬದ ಮೇಲೋ ಮೋಟು ಮರದ ಮೇಲೋ ಸೋಮಾರಿಯಂತೆ ಕೂತಿರುವ, ಕಾಗೆಗಿಂತ ಸ್ವಲ್ಪ ದೊಡ್ಡ ಕಂದು ಹಕ್ಕಿಯ ಕಣ್ಣಿಗೆ ಬೈನಾಕ್ಯುಲರ್ ಹಿಡಿಯಿರಿ. ಕಣ್ಣು ಬೆಳ್ಳಗಿದ್ದು, ಬಿಳಿ ಗಂಟಲಿನ ನಡುವೆ ಕಪ್ಪು ಗೆರೆ ಇದ್ದರೆ ವೈಟ್-ಐಡ್ ಬಜಾರ್ಡ್. ಚಳಿಗಾಲದಲ್ಲಿ ಹದ್ದುಗಳ ಗುಂಪಿನಲ್ಲೇ ಸೇರಿಕೊಂಡು ಸುತ್ತುವ ಬೂಟೆಡ್ ಈಗಲ್ ಕೂಡ ಇದೆ, ಹೆಚ್ಚುಕಡಿಮೆ ಹದ್ದಿನಷ್ಟೇ ದೊಡ್ಡದು. ಅದರ ಬಾಲಕ್ಕೆ ಕವಲಿಲ್ಲ, ಬಾಲ ತಿರುಚುವುದೂ ಇಲ್ಲ. ಎದುರಿನಿಂದ ಬರುವಾಗ ರೆಕ್ಕೆ ಮೈಗೆ ಕೂಡುವಲ್ಲಿ ಎರಡು ಬಿಳಿ ಚುಕ್ಕೆ ಹೊಳೆಯುತ್ತವೆ. ಹದ್ದನ್ನು ತಿಂಗಳುಗಟ್ಟಲೆ ನೋಡಿದವರಿಗೆ ಮಾತ್ರ ಈ ಹಕ್ಕಿ ಸಿಗುತ್ತದೆ. ಸ್ಟೆಪಿ, ಟಾನಿ, ಸ್ಪಾಟೆಡ್ ಈಗಲ್‌ಗಳನ್ನು ಬಿಡಿಸುವ ಕೆಲಸ ಎರಡನೆಯ, ಮೂರನೆಯ ಚಳಿಗಾಲಕ್ಕಿರಲಿ.

ಕೈಯಲ್ಲಿ ಏನಿರಬೇಕು

ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ಸಾಕು. ಹತ್ತು ಪಟ್ಟಿನದರಲ್ಲಿ ಹಕ್ಕಿ ದೊಡ್ಡದಾಗಿ ಕಂಡರೂ ಕೈ ನಡುಗುವುದೂ ಹತ್ತು ಪಟ್ಟಾಗುತ್ತದೆ, ಆಕಾಶದಲ್ಲಿ ಹಕ್ಕಿಯನ್ನು ಹುಡುಕಿ ಹಿಡಿಯುವುದೂ ಕಷ್ಟ. ಚಿಕ್ಕ ನೋಟ್‌ಬುಕ್ಕು, ಪೆನ್ಸಿಲು ಇರಲಿ. ಹಕ್ಕಿ ಕಣ್ಮರೆಯಾದ ಕೂಡಲೇ ಪುಸ್ತಕ ತೆರೆಯುವ ಮೊದಲು ಬರೆಯಿರಿ: ಕಾಗೆಗೆ ಹೋಲಿಸಿದರೆ ಗಾತ್ರ, ಬಾಲ, ರೆಕ್ಕೆ, ತೇಲುವಾಗ ರೆಕ್ಕೆ ಮೇಲಕ್ಕೋ ಸಮಕ್ಕೋ ಕೆಳಕ್ಕೋ, ಎಂಥ ಜಾಗ, ಏನು ಮಾಡುತ್ತಿತ್ತು, ಕೊನೆಗೆ ಬಣ್ಣ. ಚಿತ್ರ ಬರೆಯಲು ಬಾರದಿದ್ದರೂ ಬಾಲದ ತುದಿಯ ಒಂದು ಗೆರೆ ಎಳೆದಿಡಿ.

ಪುಸ್ತಕವೆಂದರೆ ಕನ್ನಡದವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಮೊದಲ ಮೆಟ್ಟಿಲು. ಆಳಕ್ಕೆ ಹೋಗಬೇಕೆನ್ನುವವರು ಗಿಡುಗಗಳ ಮೇಲೆಯೇ ರಿಶದ್ ನೌರೋಜಿ ಬರೆದ, 2006ರಲ್ಲಿ ಬಂದ ದೊಡ್ಡ ಇಂಗ್ಲಿಷ್ ಗ್ರಂಥವನ್ನು ಗ್ರಂಥಾಲಯದಲ್ಲಿ ಹುಡುಕಲಿ. ಫೋನಿನ ಮರ್ಲಿನ್ ಆ್ಯಪ್ ಉಚಿತ. ಎಲ್ಲಿ, ಯಾವ ದಿನ ನೋಡಿದಿರೆಂದು ಕೇಳಿ ಸಾಧ್ಯತೆಗಳನ್ನು ಕಡಿಮೆ ಮಾಡಿಕೊಡುತ್ತದೆ. ಗಿಡುಗಗಳ ವಿಷಯದಲ್ಲಿ ಅದರ ಉತ್ತರವನ್ನು ಸಲಹೆಯೆಂದಷ್ಟೇ ತೆಗೆದುಕೊಳ್ಳಿ. ಹಳೆಯ ಪುಸ್ತಕದ ವೈಜ್ಞಾನಿಕ ಹೆಸರು ಆ್ಯಪಿನ ಹೆಸರಿಗೆ ಹೊಂದದಿದ್ದರೆ ಗಾಬರಿ ಬೇಡ. 2024ರ ಪರಿಷ್ಕರಣೆಯಲ್ಲಿ ಶಿಕ್ರಾವನ್ನು ಅಕ್ಸಿಪಿಟರ್ ಕುಲದಿಂದ ಟ್ಯಾಕಿಸ್ಪೈಜಾ ಕುಲಕ್ಕೆ ಸೇರಿಸಲಾಗಿದೆ.

ಕ್ಯಾಮೆರಾ ಇದ್ದರೆ ಒಂದು ಚಿತ್ರಕ್ಕೆ ನಿಲ್ಲಿಸದೆ ಸಾಲಾಗಿ ಹತ್ತು ತೆಗೆಯಿರಿ. ರೆಕ್ಕೆ ಬಡಿತದ ಒಂದು ಕ್ಷಣದಲ್ಲಿ ಹದ್ದೂ ಚಾಣದಂತೆ ಕಾಣಬಲ್ಲದು. ಆಕಾಶದ ಬೆಳಕಿಗೆ ಹಕ್ಕಿ ಕಪ್ಪಾಗದಂತೆ ಎಕ್ಸ್‌ಪೋಷರ್ ಒಂದು ಹಂತ ಹೆಚ್ಚಿಸಿಕೊಳ್ಳಿ. ಗುರುತು ಸಿಗದ ಹಕ್ಕಿಯನ್ನೂ ದಾಖಲಿಸಿ. ಇ-ಬರ್ಡ್ ಜಾಲತಾಣದ ಪಟ್ಟಿಯಲ್ಲಿ ಜಾತಿ ಗೊತ್ತಾಗದ ಈಗಲ್, ಜಾತಿ ಗೊತ್ತಾಗದ ಗಿಡುಗ ಎಂದು ನಮೂದಿಸಲು ಅವಕಾಶ ಇರುವುದೇ ಅದಕ್ಕೆ. ಊಹೆಯ ಹೆಸರಿಗಿಂತ ಅಂಥ ದಾಖಲೆಗೆ ಬೆಲೆ ಹೆಚ್ಚು.

ಗೂಡು ಕಂಡರೆ ದೂರ ಇರಿ. ನಮ್ಮಲ್ಲಿ ಅನೇಕ ಗಿಡುಗಗಳು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಗೂಡು ಕಟ್ಟುತ್ತವೆ. ತಾಯಿ ಎದ್ದು ಹೋದರೆ ಬಿಸಿಲಿಗೂ ಕಾಗೆಗಳಿಗೂ ಮರಿ ಬಲಿಯಾಗಲು ಹೆಚ್ಚು ಹೊತ್ತು ಬೇಡ. ಕೂಗಿನ ಧ್ವನಿಮುದ್ರಣ ಹಾಕಿ ಹಕ್ಕಿಯನ್ನು ಕರೆಯುವುದು ಬೇಡ, ಗೂಡಿನ ಜಾಗವನ್ನು ಜಾಲತಾಣಗಳಲ್ಲಿ ಬರೆಯುವುದೂ ಬೇಡ. ನಗರಗಳಲ್ಲಿ ಗಾಳಿಪಟದ ಮಾಂಜಾ ದಾರ ರೆಕ್ಕೆಗೆ ಸುತ್ತಿಕೊಂಡು ಬೀಳುವ ಹದ್ದುಗಳು ಬಹಳ. ಅಂಥದು ಸಿಕ್ಕರೆ ದಪ್ಪ ಬಟ್ಟೆ ಹೊದಿಸಿ, ಉಗುರುಗಳಿಂದ ಕೈ ಕಾಪಾಡಿಕೊಂಡು, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿಡಿ. ಬಾಯಿಗೆ ನೀರು ಹಾಕಬೇಡಿ, ದಾರವನ್ನು ಎಳೆಯಬೇಡಿ. ಅರಣ್ಯ ಇಲಾಖೆಗೋ ಹತ್ತಿರದ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೋ ತಲುಪಿಸುವಾಗ ಹಕ್ಕಿ ಸಿಕ್ಕಿದ ಬೀದಿಯನ್ನು ಸರಿಯಾಗಿ ಬರೆದುಕೊಡಿ. ಗುಣವಾದ ಮೇಲೆ ಅದನ್ನು ಬಿಡಬೇಕಾದದ್ದು ಅಲ್ಲೇ.